ಭಾವನ ನಾಲಿಗೆ, ಅಕ್ಕನ ಕೈ

ನಮ್ಮ ಭಾವನಿಗೆ ಹಣ್ಣಿನ ಮಂಡಿಯಲ್ಲಿ ‘ನಾಲಿಗೆ’ ಎಂದೇ ಹೆಸರು. ‘ನಾಲಿಗೆ ಬಂದ್ರಾ?’, ‘ನಾಲಿಗೆ ಬರೋವರೆಗೂ ಹರಾಜು ಶುರು ಮಾಡ್ಬೇಡಿ’ ಎಂದು ಅಲ್ಲಿನವರು ಕೂಗಾಡುತ್ತಿದ್ದರು. ಹೊಸಬರಿಗೆ ಇದು ಬೈಗುಳವೋ ಹೊಗಳಿಕೆಯೋ ತಿಳಿಯುತ್ತಿರಲಿಲ್ಲ. ಹೊಗಳಿಕೆಯೇ. ಮೂವತ್ತೊಂದು ವರ್ಷ ಆ ಮನುಷ್ಯ ಮಾಡಿದ್ದು ಅದೊಂದೇ ಕೆಲಸ: ಲಾರಿಯಿಂದ ಇಳಿದ ಹಣ್ಣಿನ ರುಚಿ ನೋಡುವುದು, ಅದು ಎಂಥದ್ದು, ಎಷ್ಟು ದಿನ ತಡೆಯುತ್ತದೆ ಎಂದು ಹೇಳುವುದು.

ನಾನು ಅವರ ಹೆಂಡತಿಯ ತಮ್ಮ. ತಕ್ಕಡಿ ರಿಪೇರಿ ನನ್ನ ಕಸುಬು. ಚಿನ್ನದಂಗಡಿಯ ಪುಟ್ಟ ತಕ್ಕಡಿಯಿಂದ ಹಿಡಿದು ಗುಜರಿಯವರ ದೊಡ್ಡ ಕಾಟಾದವರೆಗೆ ಎಲ್ಲ ನನ್ನ ಅಂಗಡಿಗೆ ಬರುತ್ತವೆ. ಒಂದು ಗ್ರಾಂ ಹೆಚ್ಚುಕಮ್ಮಿ ಇದ್ದರೂ ನನಗೆ ಮೈ ಉರಿಯುತ್ತದೆ. ಮನುಷ್ಯರ ಮಾತು ನಂಬದಿದ್ದರೂ ತಕ್ಕಡಿ ಮುಳ್ಳಿನ ಮಾತು ನಂಬುವವನು ನಾನು. ಈ ಗುಣದಿಂದ ನನ್ನ ಅಂಗಡಿಗೆ ಒಳ್ಳೆಯದೇ ಆಯಿತು, ನನ್ನ ಅಕ್ಕನಿಗೆ ಆಗಲಿಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಭಾವನ ಕೆಲಸ ಹೇಗಿತ್ತು ಎಂದು ಹೇಳಿಬಿಡುತ್ತೇನೆ. ಬೆಳಗಿನ ಐದಕ್ಕೆ ತಗಡಿನ ಚಾವಣಿಯ ಉದ್ದನೆಯ ಶೆಡ್ಡಿನೊಳಗೆ ಕ್ರೇಟುಗಳು ಸಾಲಾಗಿ ಕೂತಿರುತ್ತವೆ. ಒಬ್ಬ ಬೆಳೆಗಾರನ ಸರಕೆಲ್ಲ ಸೇರಿ ಒಂದು ಲಾಟು. ಭಾವ ಹೆಗಲಿಗೆ ಟವೆಲ್ ಹಾಕಿಕೊಂಡು, ಸವೆದು ತೆಳ್ಳಗಾದ ಚಿಕ್ಕ ಚಾಕು ಹಿಡಿದು ಬರುತ್ತಾರೆ. ಮೇಲೆ ಚೆಂದ ಮಾಡಿ ಜೋಡಿಸಿದ ಹಣ್ಣನ್ನು ಮುಟ್ಟುವುದಿಲ್ಲ. ಅಡಿಯ ಕ್ರೇಟಿಗೆ ಕೈ ಹಾಕಿ ಒಂದನ್ನು ಎಳೆಯುತ್ತಾರೆ. ಒಂದು ಹೋಳು ಕತ್ತರಿಸಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಾರೆ. ಆಗ ಸುತ್ತ ನಿಂತ ವ್ಯಾಪಾರಿಗಳೆಲ್ಲ ನೋಡುವುದು ಅವರ ಗಂಟಲನ್ನು. ನುಂಗಿದರೆ ಸರಕು ಪಾಸು. ಉಗುಳಿದರೆ ಮುಗಿಯಿತು, ಆ ಲಾಟನ್ನು ಯಾರೂ ಮೂಸಿಯೂ ನೋಡುವುದಿಲ್ಲ, ಬೆಳೆದವನು ಬಂದ ಲಾರಿಯಲ್ಲೇ ಮುಖ ಒಣಗಿಸಿಕೊಂಡು ಹಿಂತಿರುಗಬೇಕು. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ, ಭಾವ ಅಲ್ಲಿಗೆ ಸೇರುವ ಮೊದಲೇ ಇತ್ತು. ನುಂಗಿದ ಮೇಲೆ ಭಾವ ಒಂದೇ ಮಾತು ಹೇಳುತ್ತಿದ್ದರು: ‘ಇವತ್ತಿಗೆ’, ‘ನಾಡಿದ್ದಿಗೆ’, ಇಲ್ಲವೇ ‘ವಾರ ತಡೀತದೆ’. ಆ ಮಾತಿನ ಮೇಲೆ ಹರಾಜು ನಡೆಯುತ್ತಿತ್ತು.

ಅವರಿಗೆ ನಲವತ್ತೇಳು ತುಂಬಿದ ವರ್ಷ ಸಕ್ಕರೆ ಕಾಯಿಲೆ ಗೊತ್ತಾಯಿತು. ಅಕ್ಕ ಜೊತೆಗೆ ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಒಳ್ಳೆಯವರು, ಗಡಿಬಿಡಿ ಮಾಡದೆ ಮಾತಾಡುವವರು.

“ಎಲ್ಲಿ ಕೆಲಸ?” ಎಂದು ಕೇಳಿದರು.

“ಹಣ್ಣಿನ ಮಂಡೀಲಿ,” ಎಂದರು ಭಾವ.

“ಹಾಗಾದ್ರೆ ಹಣ್ಣು ಜಾಸ್ತಿ ತಿಂತೀರಿ ಅನ್ನಿ.”

“ಅಯ್ಯೋ, ಇಲ್ಲ ಡಾಕ್ಟ್ರೇ. ಕಂಡು ಕಂಡು ಸಾಕಾಗಿದೆ. ಮನೇಲಿ ಇವಳು ಬಲವಂತ ಮಾಡಿದ್ರೆ ಒಂದು.”

ಅವರು ಸುಳ್ಳು ಹೇಳಲಿಲ್ಲ. ಇದನ್ನು ನಾನು ಮುಂದೆಯೂ ಹೇಳುತ್ತೇನೆ: ಆ ಮನುಷ್ಯ ಒಂದು ದಿನವೂ ಸುಳ್ಳು ಹೇಳಲಿಲ್ಲ. ಪಕ್ಕದಲ್ಲಿ ಕೂತ ನಾನೂ, ಅಕ್ಕನೂ ಹೌದೆಂಬಂತೆ ತಲೆಯಾಡಿಸಿದೆವು. ರುಚಿ ನೋಡುವುದು ಅವರ ಕೆಲಸ. ದರ್ಜಿ ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದರೆ ಸೂಜಿ ತಿಂದ ಎನ್ನುತ್ತೇವೆಯೇ?

ಡಾಕ್ಟರಮ್ಮ ಹಣ್ಣು ಬೇಡ ಎನ್ನಲಿಲ್ಲ. “ಹಣ್ಣು ಬಿಡೋದು ಬೇಡ. ಆದ್ರೆ ಒಂದು ಸಲಕ್ಕೆ ಒಂದು ಮುಷ್ಟಿ, ಅಷ್ಟೇ. ಖಾಲಿ ಹೊಟ್ಟೇಲಿ ಬೇಡ, ಊಟದ ಜೊತೆಗೋ ಆಮೇಲೋ ತಿನ್ನಿ. ರಸ ಹಿಂಡಿ ಕುಡೀಬೇಡಿ, ಹಾಗೇ ಅಗಿದು ತಿನ್ನಿ. ನಾಲ್ಕು ಬೀಜ, ಒಂದಿಷ್ಟು ಮೊಸರು ಜೊತೆಗಿದ್ರೆ ಇನ್ನೂ ಒಳ್ಳೇದು, ಸಕ್ಕರೆ ನಿಧಾನ ಏರತ್ತೆ. ತಿಂದದ್ದೆಲ್ಲ ಬರೆದಿಡಿ,” ಎಂದರು. ಅಕ್ಕ ಅದನ್ನೆಲ್ಲ ಅಕ್ಷರ ಬಿಡದೆ ತಲೆಯಲ್ಲಿ ಬರೆದುಕೊಂಡಳು. ಮನೆಗೆ ಬರುವ ದಾರಿಯಲ್ಲೇ ಗೆರೆ ಹಾಕಿದ ಒಂದು ದಪ್ಪ ರಟ್ಟಿನ ಪುಸ್ತಕ ಕೊಂಡಳು. ನಾನು ನನ್ನ ಅಂಗಡಿಯಿಂದ ಒಂದು ಅಡುಗೆಮನೆ ತಕ್ಕಡಿ ಕೊಟ್ಟೆ, ಗ್ರಾಂ ಲೆಕ್ಕದಲ್ಲಿ ಸರಿಪಡಿಸಿ.

ಅವರಿಗೆ ಮಕ್ಕಳಿರಲಿಲ್ಲ. ಅಕ್ಕನಿಗೆ ಈ ಕಾಯಿಲೆಯೇ ಮಗುವಾಯಿತು ಎಂದು ನಾನು ಗೇಲಿ ಮಾಡುತ್ತಿದ್ದೆ. ನಾಲ್ಕೂವರೆಗೆ ಎದ್ದು ಭಾವನ ಬೆರಳು ಚುಚ್ಚಿ ಸಕ್ಕರೆ ನೋಡುವಳು. ಡಬ್ಬಿಗೆ ರೊಟ್ಟಿ, ಬೇಯಿಸಿದ ಕಾಳು, ಒಂದು ಮೊಟ್ಟೆ ತೂಗಿ ಹಾಕುವಳು. ಭಾವ ಅದನ್ನು ಮಂಡಿಯಲ್ಲಿ ಒಂಬತ್ತಕ್ಕೆ ತಿಂದು, ಹನ್ನೊಂದಕ್ಕೆ ಮನೆಗೆ ಬಂದರೆ ಮತ್ತೆ ಬೆರಳು. ಸಂಜೆ ಏಳಕ್ಕೆ ಇಬ್ಬರೂ ಕಿಟಕಿಯ ಬಳಿ ಕೂರುವರು. ಅಕ್ಕ ಆ ದಿನ ಬರೆದದ್ದನ್ನು ಗಟ್ಟಿಯಾಗಿ ಓದುವಳು. ಭಾವ ಕಣ್ಣು ಮುಚ್ಚಿ ಕೇಳಿ ಕೊನೆಗೆ “ಹೂಂ” ಎನ್ನುವರು. ರುಚಿ ನೋಡುವಾಗಲೂ ಹೀಗೇ ಕಣ್ಣು ಮುಚ್ಚುತ್ತಿದ್ದರು. ಆ “ಹೂಂ” ಬಂದ ಮೇಲೆಯೇ ಅವಳು ಪುಸ್ತಕ ಮುಚ್ಚುತ್ತಿದ್ದಳು.

ಬೆಳಗಿನ ಸಂಖ್ಯೆ ಹದವಾಗಿತ್ತು. ನೂರಿಪ್ಪತ್ತು, ನೂರಮೂವತ್ತು. ಹನ್ನೊಂದು ಗಂಟೆಯದು ಮಾತ್ರ ಮುನ್ನೂರರ ಹತ್ತಿರ. ಮಧ್ಯೆ ಹೊಟ್ಟೆಗೆ ಹೋಗುವುದು ಅಕ್ಕನ ಡಬ್ಬಿ ಒಂದೇ. ಅಂದ ಮೇಲೆ ಡಬ್ಬಿಯಲ್ಲೇ ಏನೋ ಇದೆ. ಹೀಗೆ ಅಕ್ಕ ಯೋಚಿಸಿದಳು, ಡಾಕ್ಟರಮ್ಮನೂ ಯೋಚಿಸಿದರು, ನಾನಂತೂ ಗಟ್ಟಿ ಮಾಡಿಕೊಂಡೆ.

“ಮಂಡೀಲಿ ಬೇರೇನಾದ್ರೂ ತಿಂತೀರಾ? ಹೇಳಿಬಿಡಿ, ನಾನು ಬೇಜಾರು ಮಾಡ್ಕೊಳ್ಳಲ್ಲ,” ಎಂದು ಒಮ್ಮೆ ಅಕ್ಕ ಕೇಳಿದಳು.

“ನಿನ್ನಾಣೆಗೂ ಇಲ್ಲ ಕಣೇ. ಟೀಗೂ ಸಕ್ಕರೆ ಹಾಕಿಸ್ಕೊಳ್ಳಲ್ಲ.”

ಅವಳು ನಂಬಿದಳು. ಮೂರು ರೊಟ್ಟಿ ಎರಡಾಯಿತು. ಎರಡು ಒಂದಾಯಿತು. ಮನೆಗೆ ಹಣ್ಣು ತರುವುದೇ ನಿಂತಿತು. ಗುಳಿಗೆ ಒಂದಿದ್ದದ್ದು ಮೂರಾಯಿತು, ಆಮೇಲೆ ಇಂಜೆಕ್ಷನ್ನೂ ಬಂತು.

ಅಕ್ಕನಿಗೆ ಸೀತಾಫಲ ಎಂದರೆ ಪ್ರಾಣ. ಚಿಕ್ಕವರಿದ್ದಾಗ ನನ್ನ ಪಾಲನ್ನೂ ಕಸಿದು ತಿನ್ನುತ್ತಿದ್ದಳು. ಬೀಜವನ್ನೆಲ್ಲ ಕೆನ್ನೆಯೊಳಗೆ ಸೇರಿಸಿಟ್ಟುಕೊಂಡು, ಕೊನೆಗೆ ಒಟ್ಟಿಗೆ ಉಗುಳಿ ಎಣಿಸಿ, ನನಗಿಂತ ಎಷ್ಟು ಹೆಚ್ಚು ತಿಂದೆ ಎಂದು ಬೀಗುತ್ತಿದ್ದಳು. ಒಮ್ಮೆ ನಾನು ಅಂಗಡಿಯಿಂದ ಬರುವಾಗ ಚೆನ್ನಾಗಿ ಕಳಿತ ಎರಡು ಹಣ್ಣು ತಂದೆ.

“ಇದನ್ಯಾಕೋ ತಂದೆ?” ಎಂದಳು. ಕೈ ಮಾತ್ರ ಆಗಲೇ ಹಣ್ಣಿನ ಮೇಲಿತ್ತು.

“ನಿನಗೆ ಕಣೇ. ನಿನಗೇನು ಸಕ್ಕರೆ ಕಾಯಿಲೆಯಾ?”

“ಅವರು ಬಾಯಿ ಕಟ್ಕೊಂಡು ಕೂತಿರೋವಾಗ ನಾನು ಎದುರಿಗೆ ಕೂತು ತಿನ್ಲಾ? ತಗೊಂಡೋಗು. ಇಲ್ಲಾಂದ್ರೆ ಪಕ್ಕದ ಮನೆಗೆ ಕೊಡು.”

ನನ್ನ ಕೈಗೆ ಕೊಡುವ ಮೊದಲು ಒಂದು ಸಲ ಮೂಸಿ ನೋಡಿದಳು. ಆಮೇಲೆ ಎಂಟು ವರ್ಷ ಅವಳು ಯಾವ ಹಣ್ಣೂ ಮುಟ್ಟಲಿಲ್ಲ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಕಾಯಿಲೆ ಬಂದ ನಾಲ್ಕನೇ ವರ್ಷ, ಮೂರು ತಿಂಗಳಿಗೊಮ್ಮೆ ಮಾಡಿಸುವ, ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯಲ್ಲಿ ಸಂಖ್ಯೆ ಹತ್ತು ದಾಟಿತು. ಏಳರೊಳಗೆ ಇರಬೇಕಾದದ್ದು. ಅಕ್ಕ ಹೇಳಿ ಕಳಿಸಿದಳು, ತಕ್ಕಡಿ ಕೆಟ್ಟಿರಬಹುದು, ಬಂದು ನೋಡು ಎಂದು. ನಾನು ನನ್ನ ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ಹಿಡಿದು ಹೋದೆ. ಐದು ಗ್ರಾಂ, ಹತ್ತು, ಐವತ್ತು, ನೂರು. ಒಂದೊಂದಾಗಿ ಇಟ್ಟು ನೋಡಿದೆ. ಮುಳ್ಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ನನ್ನ ತಕ್ಕಡಿಯನ್ನು ಅನುಮಾನಿಸಿದಳಲ್ಲ ಎಂದು ನನಗೆ ಮೊದಲೇ ಪಿತ್ತ ನೆತ್ತಿಗೇರಿತ್ತು.

“ತಕ್ಕಡಿ ಸರಿಯಾಗೇ ಇದೆ,” ಎಂದೆ. “ಇನ್ನು ಉಳಿದದ್ದು ನಿನ್ನ ಕೈ. ಅಯ್ಯೋ ಪಾಪ ಅಂತ ಗಂಡನಿಗೆ ಮೇಲೊಂದು ಹಾಕ್ತಾ ಇರ್ತೀಯ. ಪ್ರೀತಿ ತೋರಿಸೋಕೆ ಹೋಗಿ ಅವರನ್ನ ಕೊಲ್ತಾ ಇದ್ದೀಯ, ಅಷ್ಟೇ.”

ಅಕ್ಕ ಸೆರಗಿನಿಂದ ತಕ್ಕಡಿಯ ತಟ್ಟೆ ಒರೆಸಿದಳು, ಮೊದಲೇ ಶುಭ್ರವಾಗಿದ್ದದ್ದನ್ನು. ಭಾವ ಬಾಗಿಲ ಬಳಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ನಾನು ಪೆಟ್ಟಿಗೆ ಮುಚ್ಚಿಕೊಂಡು ಬಂದುಬಿಟ್ಟೆ. ದಾರಿಯಲ್ಲಿ ಸರಿಯಾಗಿ ಹೇಳಿದೆ ಎಂದೇ ಅನ್ನಿಸಿತ್ತು.

ಆರನೇ ವರ್ಷ ಭಾವನ ಎಡಗಾಲಿನ ಕಿರುಬೆರಳಿಗೆ ಕ್ರೇಟಿನ ಮೊಳೆ ತಾಗಿ ಗಾಯವಾಯಿತು. ಒಣಗಲಿಲ್ಲ. ಬೆರಳು ತೆಗೆದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ಬೆಂಚಿನ ಮೇಲೆ ಕೂತು ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದಳು. ನನಗೆ ಅದು ಕಾಣಿಸಿತು, ನಾನು ಔಷಧಿ ಚೀಟಿ ಹಿಡಿದು ಮುಂದೆ ಹೋದೆ. ಕಣ್ಣಿನ ಪರದೆಗೂ ಸಕ್ಕರೆ ತಾಗಿತ್ತು. ಭಾವನಿಗೆ ಸಣ್ಣ ಅಕ್ಷರ ಓದಲು ಆಗುತ್ತಿರಲಿಲ್ಲ. ಮಂಡಿಯ ಕೆಲಸ ಮಾತ್ರ ನಡೆದಿತ್ತು. ನಾಲಿಗೆಗೆ ಕಣ್ಣು ಯಾಕೆ?

ಅಕ್ಕ ಹೋದದ್ದು ಹೋದ ವರ್ಷ, ಒಂದು ಬೆಳಿಗ್ಗೆ. ಮಹಡಿಯ ಮೇಲೆ ಬಟ್ಟೆ ಹರವಿ ಇಳಿಯುತ್ತಾ ಮೂರನೇ ಮೆಟ್ಟಿಲ ಮೇಲೆ ಕೂತಳು, ಹಾಗೇ ಗೋಡೆಗೆ ಒರಗಿದಳು. ಹೃದಯ ಎಂದರು ಡಾಕ್ಟರು. ಐವತ್ನಾಲ್ಕು ವರ್ಷ. ಬಕೆಟ್ಟಿನಲ್ಲಿ ಭಾವನ ಒಂದು ಅಂಗಿ ಹಿಂಡಿದ್ದು ಹಾಗೇ ಇತ್ತು, ಮತ್ತೆ ಹರವೋಣ ಎಂದು ಇಟ್ಟುಕೊಂಡಿದ್ದಳೇನೋ. ನಾನು ಅದನ್ನು ಹರವಿ ಬಂದೆ. ಬೇರೇನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಎರಡು ತಿಂಗಳಲ್ಲಿ ಭಾವನ ಬಲಗಾಲಿನ ಹಿಮ್ಮಡಿಯಲ್ಲಿ ಮತ್ತೊಂದು ಗಾಯ ಕಾಣಿಸಿತು. ಡಾಕ್ಟರಮ್ಮ ಈ ಸಲ ಮುಚ್ಚುಮರೆ ಮಾಡಲಿಲ್ಲ. “ಸಕ್ಕರೆ ಇಳಿದ್ರೆ ಗಾಯ ಮುಚ್ಚತ್ತೆ. ಇಳೀದೆ ಹೋದ್ರೆ ಪಾದ ಉಳಿಯೋದಿಲ್ಲ. ಮೂರು ತಿಂಗಳು ನೋಡೋಣ,” ಎಂದರು.

ನಾನು ಒಂಟಿ. ಅಂಗಡಿಯ ಹಿಂದಿನ ಕೋಣೆ ಬಿಟ್ಟು ಭಾವನ ಮನೆಗೆ ಬಂದೆ. “ನೋಡ್ತಾ ಇರಿ ಭಾವ, ಎರಡು ವಾರದಲ್ಲಿ ಇಳಿಸ್ತೀನಿ,” ಎಂದೆ. ಅಕ್ಕನ ಅದೇ ತಕ್ಕಡಿ, ಅದೇ ಸೌಟು, ಅದೇ ಡಬ್ಬಿ. ಹಿಟ್ಟಿನ ಉಂಡೆಯನ್ನೂ ತೂಗಿದೆ. ಅಯ್ಯೋ ಪಾಪ ಎನ್ನುವ ಗುಣ ನನಗಿಲ್ಲ, ಒಂದು ಕಾಳೂ ಮೇಲೆ ಬೀಳಲಿಲ್ಲ. ಪುಸ್ತಕದಲ್ಲಿ ಅಕ್ಕನ ಅಕ್ಷರದ ಕೆಳಗೆ ನನ್ನ ಅಕ್ಷರ ಶುರುವಾಯಿತು.

ಮೊದಲ ದಿನ ಹನ್ನೊಂದಕ್ಕೆ ಇನ್ನೂರ ತೊಂಬತ್ತು. ಐದನೇ ದಿನ ಮುನ್ನೂರ ಹತ್ತು. ಹನ್ನೆರಡನೇ ದಿನ ಇನ್ನೂರ ತೊಂಬತ್ತೆಂಟು. ಕೈ ಬದಲಾಗಿತ್ತು, ಸಂಖ್ಯೆ ಬದಲಾಗಲಿಲ್ಲ. ಹದಿನೈದನೇ ದಿನ ಪುಸ್ತಕ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಾಗ ನನಗೆ ಹೊಳೆಯಿತು. ಅಕ್ಕನ ಕೈಯಲ್ಲಿ ತಪ್ಪಿರಲಿಲ್ಲ. ಯಾವತ್ತೂ ಇರಲಿಲ್ಲ. ಹಾಗಾದರೆ ಎಲ್ಲಿದೆ?

ಮಾರನೆಯ ಬೆಳಿಗ್ಗೆ ಭಾವನ ಜೊತೆ ನಾನೂ ಮಂಡಿಗೆ ಹೊರಟೆ. ಕಾಲು ನೋವಿದೆ, ಕೈ ಹಿಡ್ಕೊಂಡು ಬರ್ತೀನಿ ಎಂದೆ. ನಿಜ ಹೇಳಬೇಕೆಂದರೆ ಕಳ್ಳನನ್ನು ಹಿಡಿಯಲು ಹೋಗಿದ್ದೆ. ಎಲ್ಲೋ ಮೂಲೆಯಲ್ಲಿ ಕದ್ದು ಸಿಹಿ ತಿನ್ನುತ್ತಾರೆ, ಸಿಕ್ಕಿಹಾಕಿಸುತ್ತೇನೆ ಎಂದುಕೊಂಡಿದ್ದೆ. ಇಷ್ಟು ವರ್ಷದಲ್ಲಿ ಅವರು ಕೆಲಸ ಮಾಡುವುದನ್ನು ನಾನು ಸರಿಯಾಗಿ ನಿಂತು ನೋಡಿದ್ದೇ ಇಲ್ಲ. ಮಂಡಿಯ ಕಾಟಾ ರಿಪೇರಿಗೆ ಬಂದರೂ ಹೊರಗಿನ ಆಫೀಸಿನಿಂದಲೇ ಹಿಂತಿರುಗುತ್ತಿದ್ದೆ.

ಭಾವ ಖಾಲಿ ಹೊಟ್ಟೆಯಲ್ಲಿ ಮೊದಲ ಲಾಟಿನ ಮುಂದೆ ನಿಂತರು. ಮಾವು. ಹೋಳು ಕತ್ತರಿಸಿದರು, ಕಣ್ಣು ಮುಚ್ಚಿದರು, ನುಂಗಿದರು. “ನಾಡಿದ್ದಿಗೆ.” ಎರಡನೆಯದು ಕರಬೂಜ. ನುಂಗಿದರು. ಮೂರನೆಯದು ದ್ರಾಕ್ಷಿ, ಮೂರು ಹಣ್ಣು. ನಾಲ್ಕನೆಯದು ಪಪ್ಪಾಯಿ. ಸಾಲು ಮುಗಿಯುವ ಲಕ್ಷಣ ಇರಲಿಲ್ಲ. ನನ್ನ ಕಣ್ಣು ತೂಕದ ಕಣ್ಣು. ಹೋಳು ನೋಡಿದ ಕೂಡಲೇ ತಲೆಯಲ್ಲಿ ಹದಿನೈದು ಗ್ರಾಂ, ಇಪ್ಪತ್ತು ಗ್ರಾಂ ಎಂದು ಬೀಳತೊಡಗಿತು.

“ಭಾವ, ಒಂದು ನಿಮಿಷ,” ಎಂದೆ. “ನೀವು ಬಾಯಿಗೆ ಹಾಕ್ಕೊಳ್ಳೋ ಅಷ್ಟೇ ದೊಡ್ಡದು ಇನ್ನೊಂದು ಹೋಳು ಕತ್ತರಿಸಿ ನನಗೆ ಕೊಡ್ತಾ ಬನ್ನಿ.”

“ಯಾಕಯ್ಯಾ, ನೀನೂ ರುಚಿ ನೋಡ್ತೀಯಾ? ನಿನ್ನ ನಾಲಿಗೆಗೆ ಬೈಯೋದು ಬಿಟ್ರೆ ಇನ್ನೇನು ಗೊತ್ತು?” ಎಂದು ನಕ್ಕರು. ಸುತ್ತ ಇದ್ದವರೂ ನಕ್ಕರು. ಆದರೂ ಕತ್ತರಿಸಿ ಕೊಟ್ಟರು. ನಾನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳುತ್ತಾ ಹಿಂದೆ ಹಿಂದೆ ನಡೆದೆ.

ನನ್ನ ಪಕ್ಕ ಬರುತ್ತಿದ್ದ ವಯಸ್ಸಾದ ದಲ್ಲಾಳಿಯೊಬ್ಬರು ಚೀಲ ನೋಡಿ ಹೇಳಿದರು, “ಮುಂಚೆ ಇವರು ಉಗುರಿನಷ್ಟು ಕತ್ತರಿಸ್ತಿದ್ರು. ಈಗ ನಾಲ್ಕೈದು ವರ್ಷದಿಂದ ಹೆಬ್ಬೆಟ್ಟಿನಷ್ಟು. ಪಾಪ, ಹಸಿವಿರತ್ತೆ ಅನ್ಸತ್ತೆ. ಡಬ್ಬೀಲಿ ಒಂದೇ ರೊಟ್ಟಿ ತರ್ತಾರೆ.”

ಅಕ್ಕ ಡಬ್ಬಿಯಲ್ಲಿ ಕಡಿಮೆ ಮಾಡಿದಷ್ಟನ್ನೂ ಹಸಿವು ಇಲ್ಲಿ ತುಂಬಿಕೊಂಡಿತ್ತು, ಆ ಮನುಷ್ಯನಿಗೇ ಗೊತ್ತಿಲ್ಲದೆ.

ಒಂಬತ್ತು ಗಂಟೆಗೆ ಲಾಟುಗಳು ಮುಗಿಯಲು ಇನ್ನೊಂದೇ ಬಾಕಿ ಇತ್ತು. ಚೀಲವನ್ನು ಮಂಡಿಯ ತಕ್ಕಡಿಯ ಮೇಲಿಟ್ಟೆ. ಆ ತಕ್ಕಡಿ ನಾನೇ ರಿಪೇರಿ ಮಾಡಿದ್ದು, ಅನುಮಾನಕ್ಕೆ ಜಾಗವಿರಲಿಲ್ಲ. ನಲವತ್ಮೂರು ಹೋಳು. ಏಳುನೂರ ಎಪ್ಪತ್ತು ಗ್ರಾಂ. ಭಾವನನ್ನು ಕೂಗಿ ಕರೆದೆ.

“ಏನಿದು?” ಎಂದರು.

“ಇವತ್ತು ಬೆಳಿಗ್ಗೆ ನೀವು ತಿಂದ ಹಣ್ಣು.”

“ತಿಂದದ್ದೆಲ್ಲಿ ಬಂತಯ್ಯಾ? ಅದು ರುಚಿ ನೋಡಿದ್ದು. ಅದು ಕೆಲಸ ಕಣಯ್ಯಾ.”

“ನುಂಗಿದ್ರಾ ಇಲ್ವಾ?”

“ನುಂಗದೆ? ನುಂಗದಿದ್ರೆ ಬೆಳೆದವನ ಗತಿ ಏನು?” ಎಂದವರು ಅಲ್ಲೇ ನಿಂತರು. ಚೀಲಕ್ಕೆ ಕೈ ಹಾಕಿ ಎತ್ತಿ ನೋಡಿದರು. ಎರಡು ಹೊತ್ತಿನ ಊಟಕ್ಕಿಂತ ಭಾರವಾಗಿತ್ತು ಅದು. ಕೆಳಗಿಟ್ಟರು, ಮತ್ತೆ ಎತ್ತಿದರು. ಆಮೇಲೆ ಬೋರಲು ಹಾಕಿದ ಒಂದು ಕ್ರೇಟಿನ ಮೇಲೆ ಕೂತರು.

“ಅವಳು ಕೇಳಿದ್ಲಲ್ಲೋ,” ಎಂದರು. “ಏನಾದ್ರೂ ತಿಂತೀರಾ ಅಂತ ಕೇಳಿದ್ಲು. ಅವಳ ಆಣೆ ಹಾಕಿ ಇಲ್ಲ ಅಂದೆ. ನನಗೆ ಇಲ್ಲ ಅಂತಲೇ ಗೊತ್ತಿದ್ದದ್ದು.”

ನನಗೆ ಬೈಯಬೇಕೆನಿಸಿತು. ಬಾಯಿ ತೆರೆದೆ. ತಕ್ಕಡಿ ಸರಿಯಾಗೇ ಇದೆ ಎಂದು ಅಂದು ಬೈದವನೂ ನಾನೇ ಅಲ್ಲವೇ ಎಂದು ನೆನಪಾಗಿ ಬಾಯಿ ಮುಚ್ಚಿದೆ.

ಕೊನೆಯ ಲಾಟಿನ ಬೆಳೆಗಾರ ಬಂದು ಕರೆದ. ಪಪ್ಪಾಯಿ. ಭಾವ ಎದ್ದು ಕುಂಟುತ್ತಾ ಹೋದರು. ಹೋಳು ಕತ್ತರಿಸಿದರು, ಬಾಯಿಗೆ ಹಾಕಿಕೊಂಡರು, ಅಗಿದರು. ಬಹಳ ಹೊತ್ತು ಅಗಿದರು. ಎಲ್ಲರ ಕಣ್ಣೂ ಅವರ ಗಂಟಲ ಮೇಲಿತ್ತು. ಆಮೇಲೆ ಟವೆಲ್ಲನ್ನು ಬಾಯಿಗೆ ಒತ್ತಿ ಅದರೊಳಗೆ ಉಗುಳಿದರು.

ಶೆಡ್ಡಿನಲ್ಲಿ ಗುಸುಗುಸು ಎದ್ದಿತು. ಬೆಳೆಗಾರನ ಮುಖ ಬಿಳುಚಿಕೊಂಡಿತು. “ಯಜಮಾನ್ರೇ, ಏನಾಯ್ತು? ಸರಕು ಕೆಟ್ಟಿದೆಯಾ?”

“ಸರಕು ಚಿನ್ನದಂಥದ್ದು. ವಾರ ತಡೀತದೆ,” ಎಂದರು ಭಾವ. “ಕೆಟ್ಟಿರೋನು ನಾನು.” ಎಂದವರೇ ಕ್ರೇಟಿನ ಅಂಚನ್ನು ಎರಡು ಸಲ ತಟ್ಟಿದರು. “ಇನ್ನು ಮೇಲೆ ಹೀಗೆ ತಟ್ಟಿದ್ರೆ ಪಾಸು ಅಂತ ತಿಳ್ಕೊಳ್ಳಿ. ಗಂಟಲು ನೋಡ್ಬೇಡಿ.”

ಒಂದಿಬ್ಬರು ಗೊಣಗಿದರು. ಹಿರಿಯ ದಲ್ಲಾಳಿ ಆಯಿತು ಎಂದರು. ಅಲ್ಲಿಗೆ ಹರಾಜು ಶುರುವಾಯಿತು. ಅಷ್ಟು ಹಳೆಯ ಕಟ್ಟಳೆ ಬದಲಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಬೆರಳು ಹೋಗುವ ಮೊದಲು, ಅಕ್ಕ ಹೋಗುವ ಮೊದಲು, ಯಾವ ದಿನ ಬೇಕಾದರೂ ಆ ಹತ್ತು ನಿಮಿಷ ಸಿಗುತ್ತಿತ್ತು.

ಎರಡನೇ ದಿನವೇ ಭಾವ ಮಂಡಿಯಲ್ಲಿ ಬೆವರಿ ನಡುಗಿ ಕೂತರು ಎಂದು ಫೋನು ಬಂತು. ಓಡಿದೆ. ಸಕ್ಕರೆ ಐವತ್ತೆಂಟಕ್ಕೆ ಇಳಿದಿತ್ತು. ಯಾರಿಗೂ ಕಾಣದ ಆ ಮುಕ್ಕಾಲು ಕೇಜಿ ಹಣ್ಣಿಗೆಂದು ಏರಿಸುತ್ತಾ ಬಂದ ಔಷಧಿ, ಹಣ್ಣು ನಿಂತ ಕೂಡಲೇ ಅವರನ್ನೇ ತಿನ್ನತೊಡಗಿತ್ತು. ಆಗ ಒಂದು ಲೋಟ ಹಣ್ಣಿನ ರಸವನ್ನೇ ಕುಡಿಸಬೇಕಾಯಿತು. ನಾನು ಮೊದಲೇ ಆಸ್ಪತ್ರೆಗೆ ತಿಳಿಸಬೇಕಿತ್ತು, ತಿಳಿಸಿರಲಿಲ್ಲ. ಅದೂ ನನ್ನದೇ ತಪ್ಪು. ಅದೇ ದಿನ ಡಾಕ್ಟರಮ್ಮ ಎಲ್ಲ ಕೇಳಿ ಇಂಜೆಕ್ಷನ್ ನಿಲ್ಲಿಸಿ ಗುಳಿಗೆ ಕಡಿಮೆ ಮಾಡಿದರು.

“ನಾನೂ ಸರಿಯಾಗಿ ಕೇಳಲಿಲ್ಲ,” ಎಂದರು. “ಡಬ್ಬಿಗೆ ಎರಡು ರೊಟ್ಟಿ ಹಾಕಿ. ಊಟದ ಜೊತೆ ಒಂದು ಸೀಬೆಯೋ ಅರ್ಧ ಸೇಬೋ ಕೊಡಿ. ಮೊದಲಿಂದಲೂ ಅಷ್ಟು ತಿನ್ನಬಹುದಿತ್ತು.”

“ಅಕ್ಕನೂ ತಿನ್ನಬಹುದಿತ್ತು,” ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಮೂರು ತಿಂಗಳಿಗೆ ಗಾಯ ಮುಚ್ಚಿತು. ಪರೀಕ್ಷೆಯ ಸಂಖ್ಯೆ ಆರು ಪಾಯಿಂಟ್ ಒಂಬತ್ತಕ್ಕೆ ಬಂದಿತ್ತು. ಒಂಬತ್ತು ವರ್ಷ ಅಕ್ಕ ಕಾದು ಕೂತಿದ್ದ ಸಂಖ್ಯೆ. ಪಾದ ಉಳಿಯಿತು.

ಅವತ್ತು ಸಂಜೆ ಏಳಕ್ಕೆ ಭಾವ ಕಿಟಕಿಯ ಬಳಿ ಕೂತಿದ್ದರು. ನಾನು ಪುಸ್ತಕ ತೆಗೆದು ಆ ದಿನದ್ದನ್ನು ಓದಲು ಹೋದೆ.

“ಅದು ಬೇಡ,” ಎಂದರು. “ಹಳೇದು ತೆಗಿ. ನೀನು ಬಟ್ಟಿನ ಪೆಟ್ಟಿಗೆ ತಗೊಂಡು ಬಂದಿದ್ಯಲ್ಲ, ತಕ್ಕಡಿ ನೋಡೋಕೆ. ಅವತ್ತಿಂದು ಓದು.”

ಅಕ್ಕ ಪುಸ್ತಕಗಳನ್ನೆಲ್ಲ ವರ್ಷದ ಪ್ರಕಾರ ಕಟ್ಟಿಟ್ಟಿದ್ದಳು. ಹುಡುಕಿದೆ. ಸಿಕ್ಕಿತು. ಗುಂಡಗಿನ ಅಕ್ಷರ, ಗೆರೆ ಬಿಟ್ಟು ಆಚೀಚೆ ಹೋಗದ ಸಾಲು. ಮೊದಲು ಒಳಗೊಳಗೇ ಓದಿಕೊಂಡೆ. ಆಮೇಲೆ ಗಟ್ಟಿಯಾಗಿ ಓದಿದೆ.

“ಬೆಳಿಗ್ಗೆ ನೂರ ಇಪ್ಪತ್ತೆಂಟು. ಡಬ್ಬಿ: ರೊಟ್ಟಿ ಎರಡು, ಕಾಳು ಎಂಬತ್ತು ಗ್ರಾಂ. ಹಣ್ಣು: ಇಲ್ಲ. ಹನ್ನೊಂದಕ್ಕೆ ಮುನ್ನೂರ ನಾಲ್ಕು. ತಮ್ಮ ಬಂದಿದ್ದ. ತಕ್ಕಡಿ ಸರಿ ಇದೆ ಅಂದ. ನಾಳೆಯಿಂದ ರೊಟ್ಟಿ ಒಂದು.”

ಪುಸ್ತಕ ಮುಚ್ಚಿದೆ. ಭಾವ ಕಣ್ಣು ಮುಚ್ಚಿಯೇ ಇದ್ದರು. “ಹೂಂ” ಎನ್ನಲಿಲ್ಲ.

“ಒಂದು ಸಾಲು ಬಿಟ್ಟೆ,” ಎಂದರು.

ಅವರಿಗೆ ಓದಲು ಕಣ್ಣಿಲ್ಲ. ಹೇಗೆ ಗೊತ್ತಾಯಿತು ಎಂದು ನಾನು ಅವರ ಮುಖ ನೋಡಿದೆ. ಜೀವಮಾನದಲ್ಲಿ ನಾನು ಬೇಕೆಂದೇ ತೂಕ ತಪ್ಪಿಸಿದ್ದು ಅದೊಂದೇ ಸಲ.

“ಅವತ್ತು ಅವಳು ಓದಿದ್ಲಯ್ಯಾ, ಇಲ್ಲೇ ಕೂತು. ಪೂರ್ತಿ ಓದಿದ್ಲು. ಓದು.”

ಮತ್ತೆ ಪುಸ್ತಕ ತೆರೆದೆ. “ತಕ್ಕಡಿ ಸರಿ ಇದೆ ಅಂದ,” ಎಂದು ಓದಿ ನಿಲ್ಲಿಸಿದೆ. ಭಾವ ಕಾದರು. ಬಿಟ್ಟ ಸಾಲನ್ನು ಓದಿದೆ: “ತಪ್ಪು ನನ್ನ ಕೈಯದೇ.”

ಹೊರಗೆ ಯಾರೋ ಸೈಕಲ್ ನಿಲ್ಲಿಸಿದ ಸದ್ದಾಯಿತು. ನಾನು ಅತ್ತುಬಿಟ್ಟೆ. ನನಗೆ ಅಳಲು ಬರುವುದಿಲ್ಲ ಎಂದುಕೊಂಡಿದ್ದೆ.

“ಅವಳು ಇದನ್ನ ಓದಿ ನನ್ನ ಮುಖ ನೋಡಿದ್ಲು,” ಎಂದರು ಭಾವ. “ನಾನೇನಾದ್ರೂ ಹೇಳ್ತೀನಿ ಅಂತ. ಛೇ, ಹಾಗೇನಿಲ್ಲ ಬಿಡೇ ಅಂತೀನಿ ಅಂತ. ನಾನು ‘ಹೂಂ’ ಅಂದೆ ಕಣಯ್ಯಾ. ದಿನಾ ಅಂದ ಹಾಗೇ ಅಂದೆ. ಅವಳು ಪುಸ್ತಕ ಮುಚ್ಚಿದ್ಲು.”

ಆಮೇಲೆ ಅವರು ಪೆನ್ನು ತಗೋ ಎಂದರು. ಆ ಸಾಲಿನ ಕೆಳಗೆ ಬರೆಯಲು ಜಾಗವಿರಲಿಲ್ಲ. ಅಕ್ಕ ಜಾಗ ವ್ಯರ್ಥ ಮಾಡುವವಳಲ್ಲ. ಅಂಚಿನಲ್ಲಿ ಬರೆ ಎಂದರು. ಅವರು ಹೇಳಿದಂತೆ ಬರೆದೆ: ತಪ್ಪು ನಿನ್ನ ಕೈಯದಲ್ಲ.

“ಓದು,” ಎಂದರು.

ಗಟ್ಟಿಯಾಗಿ ಓದಿದೆ. ಎದುರಿನ ಕುರ್ಚಿ ಅಕ್ಕನದು, ಅದರ ಮೇಲೆ ಮಡಿಸದ ಬಟ್ಟೆ ಬಿದ್ದಿತ್ತು. ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು. ಈ ಸಲ “ಹೂಂ” ಎನ್ನಬೇಕಾದವಳು ಅವಳಾಗಿದ್ದಳು.